ಎಂಆರ್‌ಐ ಮ್ಯಾಗ್ನೆಟ್‌ಗೆ ನ್ಯೂಕ್ಲಿಯಸ್ಸಿನ ಗಂಟು ಬಿಚ್ಚುತ್ತದೆಯೇ?

ಪ್ರಶ್ನೆ: ನಾನು ಗದಗದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಹೋದ ತಿಂಗಳು ಅವ್ವನಿಗೆ ಬೆನ್ನುನೋವು ಅಂತ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಎಂಆರ್‌ಐ ಮಾಡಿಸಿದೆವು. ಬಳೆ, ಕಾಲುಂಗುರ, ತಾಳಿ ಎಲ್ಲ ತೆಗೆಸಿದರು. 1.5 ಟೆಸ್ಲಾ ಮ್ಯಾಗ್ನೆಟ್ ಅಂದರು. ಈ ಯಂತ್ರ ಕೆಲಸ ಮಾಡುವುದೇ ಪ್ರೋಟಾನ್‌ಗಳ ಮೇಲೆ ಅಂತ ಓದಿದ್ದೇನೆ. ಹಾಗಾದರೆ ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಹಿಡಿದಿಟ್ಟಿರುವ ಬಲದ ಮೇಲೂ ಅದರ ಪರಿಣಾಮ ಆಗುತ್ತದೆಯೇ? ಎಷ್ಟು ದೊಡ್ಡ ಮ್ಯಾಗ್ನೆಟ್ ಇದ್ದರೆ ಆ ಬಲ ಬದಲಾಗುತ್ತದೆ?

ಉತ್ತರ:

ತಂಗಿ, ಮೊದಲು ಅವ್ವಾರ ವಿಷಯ. ಏನೂ ಹೆದರಬೇಡಿ. 1.5 ಟೆಸ್ಲಾ (ಕಾಂತಕ್ಷೇತ್ರದ ಜೋರು ಅಳೆಯುವ ಮಾಪ ಟೆಸ್ಲಾ) ಬಿಡಿ, ಮನುಷ್ಯ ಇದುವರೆಗೆ ಕಟ್ಟಿದ ಯಾವ ಮ್ಯಾಗ್ನೆಟ್ಟೂ ನ್ಯೂಕ್ಲಿಯಸ್ಸಿನ ಒಳಗಿನ ಗಂಟನ್ನು ಸಡಿಲಿಸುವ ಹತ್ತಿರಕ್ಕೂ ಬಂದಿಲ್ಲ. ಬಳೆ, ಕಾಲುಂಗುರ ತೆಗೆಸಿದ್ದು ಬೇರೆ ಕಾರಣಕ್ಕೆ. ಕಬ್ಬಿಣದ ಅಂಶ ಇದ್ದರೆ ಮ್ಯಾಗ್ನೆಟ್ ಸೆಳೆಯುತ್ತದೆ, ಬೇರೆ ಲೋಹ ಆದರೆ ಬಿಸಿಯಾಗಬಹುದು, ಚಿತ್ರವೂ ಕೆಡುತ್ತದೆ. ಒಳಗಿನಿಂದ ಟಕ್ ಟಕ್ ಅಂತ ಜೋರು ಸದ್ದು ಕೇಳಿರುತ್ತೀರಿ ಅಲ್ವಾ, ಅದು ದೊಡ್ಡ ಮ್ಯಾಗ್ನೆಟ್ಟಿನ ಸದ್ದೂ ಅಲ್ಲ. ಅದರ ಜೊತೆಗಿರುವ ಸಣ್ಣ ಸುರುಳಿಗಳಲ್ಲಿ ಕರೆಂಟು ಬೇಗ ಬೇಗ ಬದಲಾದಾಗ ಅವು ನಡುಗುವ ಸದ್ದು.

ಆದರೆ ನಿಮ್ಮ ಕೊನೆಯ ಸಾಲು, "ಎಷ್ಟು ದೊಡ್ಡದಿದ್ದರೆ ಬದಲಾಗುತ್ತದೆ" ಅನ್ನೋದು, ಬಹಳ ಒಳ್ಳೆಯ ಪ್ರಶ್ನೆ. ಧಾರವಾಡದಲ್ಲಿ ಬಹಳ ವರ್ಷ ನ್ಯೂಕ್ಲಿಯರ್ ಫಿಸಿಕ್ಸ್ ಕಲಿಸಿದ್ದೇನೆ, ಇದನ್ನು ಕೇಳಿದವರು ಕಡಿಮೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ವಿಷಯದ ಬಗ್ಗೆ ಬರೆಯುವ ಬಹಳ ಜನ ಇಲ್ಲೇ ಎಡವುತ್ತಾರೆ. ಕಾಂತಕ್ಷೇತ್ರ ಎರಡು ಬೇರೆ ಬೇರೆ ಕೆಲಸ ಮಾಡಬಹುದು. ಒಂದು, ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳನ್ನು ತಿರುಗಿಸುವುದು, ಅಂದರೆ ಅವುಗಳ ಮುಖ ಯಾವ ಕಡೆ ಇರಬೇಕು ಅಂತ ಒತ್ತಾಯ ಮಾಡುವುದು. ಇಲ್ಲಿ ಬಲ ಇದ್ದ ಹಾಗೇ ಇರುತ್ತದೆ, ಬಲಕ್ಕೆ ಸಿಕ್ಕುವ ಕಣಗಳ ಸ್ಥಿತಿ ಮಾತ್ರ ಬದಲಾಗುತ್ತದೆ. ಇನ್ನೊಂದು, ಆ ಬಲವನ್ನು ಹೊತ್ತು ಓಡಾಡುವ ವಸ್ತುವನ್ನೇ ಬದಲಿಸುವುದು. ಆಗ ಮಾತ್ರ "ಬಲ ಬದಲಾಯಿತು" ಅನ್ನಬಹುದು. ಇವೆರಡೂ ಆಗುವುದು ಬೇರೆ ಬೇರೆ ಮಟ್ಟದ ಕ್ಷೇತ್ರಗಳಲ್ಲಿ, ನಡುವೆ ಹತ್ತಾರು ಪಟ್ಟು ಅಂತರ ಇದೆ.

ಈಗ ಈ ಬಲ ಎಂಥದ್ದು ಅಂತ ನೋಡೋಣ. ಪಂಚಮಿಗೆ ಮನೆಯಲ್ಲಿ ಶೇಂಗಾ ಉಂಡಿ ಕಟ್ಟುವಾಗ ಕೂತು ನೋಡಿದ್ದೀರಾ? ಬೆಲ್ಲದ ಪಾಕದಲ್ಲಿ ಒಂದು ಕಾಳು ತನ್ನ ಅಕ್ಕಪಕ್ಕದ ಕಾಳಿಗಷ್ಟೇ ಅಂಟುತ್ತದೆ. ಉಂಡಿಯ ಆ ತುದಿಯಲ್ಲಿರುವ ಕಾಳಿಗೂ ಈ ತುದಿಯ ಕಾಳಿಗೂ ಸಂಬಂಧವೇ ಇಲ್ಲ. ಉಂಡಿ ಸಣ್ಣದಿರಲಿ ದೊಡ್ಡದಿರಲಿ, ಒಳಗಿನ ಒಂದು ಕಾಳನ್ನು ಕಿತ್ತು ತೆಗೆಯಲು ಬೇಕಾಗುವ ಜೋರು ಹೆಚ್ಚುಕಡಿಮೆ ಅಷ್ಟೇ. ನ್ಯೂಕ್ಲಿಯಸ್ಸೂ ಹೀಗೇ. ಕಬ್ಬಿಣವಾಗಲಿ ಸೀಸವಾಗಲಿ, ಒಂದೊಂದು ನ್ಯೂಕ್ಲಿಯಾನ್ ಪಾಲಿಗೆ ಬರುವ ಬಂಧನ ಶಕ್ತಿ ಸುಮಾರು 80 ಲಕ್ಷ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಪುಟ್ಟ ಮಾಪ) ಆಸುಪಾಸು. (ಪ್ರೋಟಾನ್, ನ್ಯೂಟ್ರಾನ್ ಎರಡಕ್ಕೂ ಸೇರಿಸಿ ನ್ಯೂಕ್ಲಿಯಾನ್ ಅನ್ನುತ್ತೇವೆ.) ಅಂಟಿನ ಉದ್ದ ಒಂದೆರಡು ಫರ್ಮಿ ಅಷ್ಟೇ. ಒಂದು ಫರ್ಮಿ ಅಂದರೆ ಒಂದು ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು.

ಮ್ಯಾಗ್ನೆಟ್ಟಿನ ಸೆಳೆತ ಈ ಜಾತಿಯದ್ದಲ್ಲ. ಹಳೆಯ ರೇಡಿಯೋ ಸ್ಪೀಕರ್ ಬಿಚ್ಚಿ ಒಳಗಿನ ಮ್ಯಾಗ್ನೆಟ್ ತೆಗೆದುಕೊಳ್ಳಿ. ಅದಕ್ಕೊಂದು ಗುಂಡುಸೂಜಿ ಅಂಟಿಸಿ. ಈಗ ನಡುವೆ ನೋಟ್‌ಬುಕ್ಕಿನ ಒಂದು ಹಾಳೆ ತೂರಿಸಿ. ಸೂಜಿ ಬೀಳುವುದಿಲ್ಲ. ಹತ್ತು ಹಾಳೆ ಇಡಿ, ಆಗಲೂ ಬೀಳುವುದಿಲ್ಲ. ಹಾಳೆ ಹೆಚ್ಚಾದ ಹಾಗೆ ಹಿಡಿತ ನಿಧಾನವಾಗಿ ಸಡಿಲವಾಗುತ್ತಾ ಹೋಗುತ್ತದೆ, ಸೂಜಿ ಓರೆಯಾಗುತ್ತದೆ, ಕೊನೆಗೊಮ್ಮೆ ಬೀಳುತ್ತದೆ. ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಇದನ್ನು ಮಾಡಿಸುತ್ತಿದ್ದೆ. ಒಂದೇ ಹಾಳೆಗೆ ಪೂರ್ತಿ ಕೈಬಿಡುವ ಅಂಟು ಬೇರೆ, ಹಾಳೆ ದಾಟಿ ಚಾಚುವ ಸೆಳೆತ ಬೇರೆ ಅನ್ನೋದು ಬೋರ್ಡಿನ ಮೇಲಿನ ಸೂತ್ರಕ್ಕಿಂತ ಬೇಗ ಆ ಸೂಜಿಯಿಂದ ಮನಸ್ಸಿಗೆ ಹೋಗುತ್ತಿತ್ತು.

ಸರಿ, ಎಂಆರ್‌ಐ ಒಳಗೆ ಪ್ರೋಟಾನ್‌ಗೆ ಏನಾಗುತ್ತದೆ? ಪ್ರೋಟಾನ್ ತಾನೇ ಒಂದು ಪುಟ್ಟ ಮ್ಯಾಗ್ನೆಟ್. ಕ್ಷೇತ್ರದ ದಿಕ್ಕಿಗೆ ಮುಖ ಮಾಡಿದರೆ ಶಕ್ತಿ ಸ್ವಲ್ಪ ಕಡಿಮೆ, ಉಲ್ಟಾ ನಿಂತರೆ ಸ್ವಲ್ಪ ಜಾಸ್ತಿ. 1.5 ಟೆಸ್ಲಾದಲ್ಲಿ ಈ ಎರಡರ ನಡುವಿನ ವ್ಯತ್ಯಾಸ ಒಂದು ಎಲೆಕ್ಟ್ರಾನ್ ವೋಲ್ಟಿನ ಕೋಟಿಯಲ್ಲಿ ಎರಡೂವರೆ ಪಾಲಿನಷ್ಟು. ಸುಮಾರು 64 ಮೆಗಾಹರ್ಟ್ಸ್ ರೇಡಿಯೋ ತರಂಗಕ್ಕೆ ಅದು ಸಮ, ಅಂದರೆ ನಾವು ಕೇಳುವ ಎಫ್‌ಎಂ ಪಟ್ಟಿಗಿಂತ ಸ್ವಲ್ಪ ಕೆಳಗೆ. ವ್ಯತ್ಯಾಸ ಎಷ್ಟು ಚಿಕ್ಕದು ಅಂದರೆ, ಮೈಯ ಬಿಸಿಯೇ ಪ್ರೋಟಾನ್‌ಗಳನ್ನು ಅತ್ತ ಇತ್ತ ತಿರುಗಿಸಿ ಹಾಕುತ್ತಿರುತ್ತದೆ. ಹತ್ತು ಲಕ್ಷ ಪ್ರೋಟಾನ್ ಇದ್ದರೆ ಕ್ಷೇತ್ರದ ಕಡೆ ಮುಖ ಮಾಡಿದವು ಬರೀ ಐದರಷ್ಟು ಜಾಸ್ತಿ. ಆ ಐದರ ಸುಳಿವು ಹಿಡಿದೇ ಅವ್ವಾರ ಬೆನ್ನಿನ ಚಿತ್ರ ಬಂದದ್ದು. ನನಗೆ ಇವತ್ತಿಗೂ ಇದು ಬೆರಗಿನ ವಿಷಯ.

ಇನ್ನೊಂದು ಮಾತು. ಚಿತ್ರ ಬರುವುದು ಹೆಚ್ಚಾಗಿ ನೀರು, ಕೊಬ್ಬುಗಳಲ್ಲಿರುವ ಹೈಡ್ರೋಜನ್‌ನಿಂದ. ಹೈಡ್ರೋಜನ್ ನ್ಯೂಕ್ಲಿಯಸ್ ಅಂದರೆ ಒಂಟಿ ಪ್ರೋಟಾನ್. ಅಲ್ಲಿ ಬಿಚ್ಚಲು ಗಂಟೇ ಇಲ್ಲ! ಈ ವಿಧಾನಕ್ಕೆ ಮೊದಲು ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್ ಅಂತಲೇ ಹೆಸರಿತ್ತು. ರೋಗಿಗಳು "ನ್ಯೂಕ್ಲಿಯರ್" ಅಂದ ಕೂಡಲೇ ಗಾಬರಿಯಾಗುತ್ತಾರೆ ಅಂತ ಆಸ್ಪತ್ರೆಗಳಲ್ಲಿ ಆ ಪದ ಬಿಟ್ಟರು.

ಗಂಟು ಇರುವ ಅತಿ ಚಿಕ್ಕ ನ್ಯೂಕ್ಲಿಯಸ್ ಡ್ಯೂಟೆರಾನ್. ಒಂದು ಪ್ರೋಟಾನ್, ಒಂದು ನ್ಯೂಟ್ರಾನ್. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಡ್ಯೂಟೆರಾನ್ ಬಿಡಿಸಲು 22 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಬೇಕು. ಎಂಆರ್‌ಐ ಕೊಡುವ ಆ ಪುಟ್ಟ ವ್ಯತ್ಯಾಸಕ್ಕೆ ಹೋಲಿಸಿದರೆ ಇದು 8 ಲಕ್ಷ ಕೋಟಿ ಪಟ್ಟು ದೊಡ್ಡದು. ಹೀಗಂತ ಡ್ಯೂಟೆರಾನ್ ಗಟ್ಟಿಮುಟ್ಟು ಅಂದುಕೊಳ್ಳಬೇಡಿ. ನ್ಯೂಕ್ಲಿಯಸ್‌ಗಳ ಲೆಕ್ಕದಲ್ಲಿ ಅದು ಬಹಳ ಸಡಿಲವಾಗಿ ಕಟ್ಟಿದ ಗಂಟು. ಮತ್ತೆ ಅದಕ್ಕೊಂದು ಹಟ ಇದೆ. ಪ್ರೋಟಾನ್, ನ್ಯೂಟ್ರಾನ್ ಎರಡರ ಸ್ಪಿನ್ನೂ (ಕಣಕ್ಕೆ ಹುಟ್ಟಿನಿಂದಲೇ ಇರುವ, ದಿಕ್ಕುಳ್ಳ ತಿರುಗುವ ಗುಣ) ಒಂದೇ ದಿಕ್ಕಿಗೆ ಇದ್ದರೆ ಮಾತ್ರ ಅವು ಕೂಡುತ್ತವೆ. ಸ್ಪಿನ್ ಎದುರುಬದುರಾದರೆ ಇನ್ನೇನು ಕೂಡಿತು ಅನ್ನುವಷ್ಟು ಹತ್ತಿರ ಬಂದು ತಪ್ಪಿಹೋಗುತ್ತದೆ, ಗಂಟು ಬೀಳುವುದಿಲ್ಲ. ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ. ಎರಡೂ ಒಂದೇ ಕಡೆ ಮುಖ ಮಾಡಿದರೆ ನೊಗ ನಿಲ್ಲುತ್ತದೆ, ಒಂದು ಮೂಡಣಕ್ಕೆ ಇನ್ನೊಂದು ಪಡುವಣಕ್ಕೆ ತಿರುಗಿದರೆ ನಿಲ್ಲುವುದಿಲ್ಲ.

ಈಗ ಕಾಂತಕ್ಷೇತ್ರ ತನ್ನಿ. ಪ್ರೋಟಾನಿನ ಮ್ಯಾಗ್ನೆಟ್ ಬಲ ನ್ಯೂಕ್ಲಿಯರ್ ಮ್ಯಾಗ್ನೆಟಾನ್ ಅನ್ನುವ ಅಳತೆಯಲ್ಲಿ 2.79. ನ್ಯೂಟ್ರಾನಿಗೆ ವಿದ್ಯುತ್ ಅಂಶ ಇಲ್ಲ, ಆದರೂ ಒಳಗಿನ ಕ್ವಾರ್ಕ್ ಅನ್ನುವ ಇನ್ನೂ ಸಣ್ಣ ಕಣಗಳಿಗೆ ಇದೆ, ಹಾಗಾಗಿ ಅದೂ ಮ್ಯಾಗ್ನೆಟ್ಟೇ. ಅದರ ಬೆಲೆ ಮೈನಸ್ 1.91. ಈ ಮೈನಸ್ಸಿನಲ್ಲೇ ಕಥೆ ಇರುವುದು. ನ್ಯೂಟ್ರಾನಿನ ಸ್ಪಿನ್ ಒಂದು ಕಡೆ ಇದ್ದರೆ ಅದರ ಮ್ಯಾಗ್ನೆಟ್ ಮುಖ ಉಲ್ಟಾ ಕಡೆ. ಕ್ಷೇತ್ರಕ್ಕೆ ಎರಡೂ ಕಣಗಳ ಮ್ಯಾಗ್ನೆಟ್ ಮುಖ ತನ್ನ ಕಡೆ ಬೇಕು. ಅದು ಆಗಬೇಕಾದರೆ ಸ್ಪಿನ್‌ಗಳು ಎದುರುಬದುರಾಗಬೇಕು. ನ್ಯೂಕ್ಲಿಯರ್ ಬಲಕ್ಕೋ ಸ್ಪಿನ್‌ಗಳು ಒಂದೇ ದಿಕ್ಕಿಗೆ ಬೇಕು. ಅಂದರೆ ಇಲ್ಲಿ ಕ್ಷೇತ್ರ ಎಳೆಯುವುದು ನೇರವಾಗಿ ಬಲದ ವಿರುದ್ಧ.

ಯಾರು ಗೆಲ್ಲುತ್ತಾರೆ? ಲೆಕ್ಕ ಸುಲಭ. ಎರಡೂ ಮ್ಯಾಗ್ನೆಟ್ ಸೇರಿದರೆ 4.7 ನ್ಯೂಕ್ಲಿಯರ್ ಮ್ಯಾಗ್ನೆಟಾನ್. ಒಂದು ಮ್ಯಾಗ್ನೆಟಾನ್ ಅಂದರೆ ಪ್ರತಿ ಟೆಸ್ಲಾಕ್ಕೆ ಒಂದು ಎಲೆಕ್ಟ್ರಾನ್ ವೋಲ್ಟಿನ ಹತ್ತು ಕೋಟಿಯಲ್ಲಿ 3.15 ಪಾಲು. ಇದನ್ನು 22 ಲಕ್ಷ ಎಲೆಕ್ಟ್ರಾನ್ ವೋಲ್ಟಿಗೆ ಸಮ ಮಾಡಿದರೆ ಸುಮಾರು 15 ಲಕ್ಷ ಕೋಟಿ ಟೆಸ್ಲಾ ಬರುತ್ತದೆ. ಆ ಹೊತ್ತಿಗೆ ಕ್ಷೇತ್ರ ಮತ್ತು ಬಲ ಸಮಸಮ ಜಗ್ಗಾಡುತ್ತಿರುತ್ತವೆ. ಗಮನಿಸಿ, ಇಲ್ಲಿವರೆಗೂ ನ್ಯೂಕ್ಲಿಯರ್ ಬಲ ಇದ್ದ ಹಾಗೇ ಇದೆ. ಬೆಲ್ಲದ ಪಾಕ ತೆಳುವಾಗಿಲ್ಲ, ಕಾಳುಗಳನ್ನು ಬೇರೆ ಕಡೆ ತಿರುಗಿಸಿದ್ದಾರೆ ಅಷ್ಟೇ.

15 ಲಕ್ಷ ಕೋಟಿ ಟೆಸ್ಲಾ ಅಂದರೆ ಸುಮ್ನೆ ಸಂಖ್ಯೆ ಅನಿಸಬಹುದು. ನಮ್ಮ ಕೈಲಿರುವುದು ಎಷ್ಟು ನೋಡಿ. ಬಿಡುವಿಲ್ಲದೆ ಓಡಿಸಬಲ್ಲ ಅತಿ ದೊಡ್ಡ ಮ್ಯಾಗ್ನೆಟ್‌ಗಳು, ಅಮೆರಿಕದ ಟಲಹಾಸಿಯಲ್ಲಿ ಒಂದು, ಚೀನಾದ ಹೆಫೆಯಲ್ಲಿ ಒಂದು, ಮುಟ್ಟಿದ್ದು 45 ಟೆಸ್ಲಾ ಆಸುಪಾಸು. 2018ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದವರು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು 1200 ಟೆಸ್ಲಾ ಮುಟ್ಟಿಸಿದರು. ಮುಟ್ಟುವಷ್ಟರಲ್ಲಿ ಸುರುಳಿಯೇ ಚೂರಾಗಿ ಹೋಗುತ್ತದೆ. ಕ್ಷೇತ್ರ ಜಾಸ್ತಿಯಾದ ಹಾಗೆ ಅದು ಸುರುಳಿಯನ್ನು ಹೊರಕ್ಕೆ ದೂಡುತ್ತದೆ, ಯಾವ ಲೋಹವೂ ಆ ಒತ್ತಡ ತಡೆಯುವುದಿಲ್ಲ.

ನಡುವೆ ಒಂದು ನಿಲ್ದಾಣ ಇದೆ, ಅದನ್ನು ಬಿಟ್ಟು ಮುಂದೆ ಹೋಗಬಾರದು. ನ್ಯೂಕ್ಲಿಯಸ್ಸಿಗಿಂತ ಎಷ್ಟೋ ಮೊದಲು ಪರಮಾಣು ಸೋಲುತ್ತದೆ. 2.35 ಲಕ್ಷ ಟೆಸ್ಲಾ ದಾಟಿದರೆ ಸಾಕು, ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನ್ ನ್ಯೂಕ್ಲಿಯಸ್ಸಿನ ಮಾತಿಗಿಂತ ಕ್ಷೇತ್ರದ ಮಾತು ಜಾಸ್ತಿ ಕೇಳತೊಡಗುತ್ತದೆ. ಗುಂಡಗಿದ್ದ ಪರಮಾಣು ಕ್ಷೇತ್ರದ ಉದ್ದಕ್ಕೆ ಎಳೆದ ಸೂಜಿಯ ಹಾಗಾಗುತ್ತದೆ. ನಮಗೆ ಗೊತ್ತಿರುವ ರಸಾಯನಶಾಸ್ತ್ರ ಅಲ್ಲಿಗೆ ಮುಗಿಯಿತು. ಆದರೆ ಆ ಸೂಜಿಯ ನಡುವಿನ ನ್ಯೂಕ್ಲಿಯಸ್ಸಿಗೆ ಹೊರಗೆ ಏನು ನಡೆಯುತ್ತಿದೆ ಅನ್ನೋದು ಬಹುತೇಕ ತಟ್ಟಿರುವುದೇ ಇಲ್ಲ.

ಇಂಥ ಕ್ಷೇತ್ರ ಎಲ್ಲಿದೆ? ನ್ಯೂಟ್ರಾನ್ ನಕ್ಷತ್ರಗಳಲ್ಲಿ, ಅಂದರೆ ದೊಡ್ಡ ನಕ್ಷತ್ರ ಸತ್ತ ಮೇಲೆ ಉಳಿಯುವ ಬಹಳ ದಟ್ಟವಾದ ಗುಂಡುಗಳಲ್ಲಿ. ಸಾಮಾನ್ಯ ನ್ಯೂಟ್ರಾನ್ ನಕ್ಷತ್ರದ ಮೇಲ್ಮೈಯಲ್ಲೇ ಸುಮಾರು 10 ಕೋಟಿ ಟೆಸ್ಲಾ ಇರುತ್ತದೆ. ಅವುಗಳಲ್ಲೇ ಒಂದು ಜಾತಿ ಮ್ಯಾಗ್ನೆಟಾರ್. 1992ರಲ್ಲಿ ಡಂಕನ್ ಮತ್ತು ಥಾಂಪ್ಸನ್ ಅನ್ನುವ ಇಬ್ಬರು ಇಂಥವು ಇರಬೇಕು ಅಂತ ಲೆಕ್ಕ ಹಾಕಿ ಹೇಳಿದರು. ಇವುಗಳ ಮೇಲ್ಮೈಯಲ್ಲಿ 1000 ಕೋಟಿಯಿಂದ 10,000 ಕೋಟಿ ಟೆಸ್ಲಾ. 2004ರ ಡಿಸೆಂಬರ್ 27ರಂದು ಎಸ್‌ಜಿಆರ್ 1806-20 ಅನ್ನುವ ಮ್ಯಾಗ್ನೆಟಾರ್ ಒಮ್ಮೆ ಸಿಡಿಯಿತು. ಹತ್ತಾರು ಸಾವಿರ ಜ್ಯೋತಿರ್ವರ್ಷ ದೂರದಲ್ಲಿದ್ದರೂ ನಮ್ಮ ಭೂಮಿಯ ಮೇಲಿನ ಅಯಾನು ಪದರ ಕಲಕಿಹೋಯಿತು. ಆಮೇಲೆ ಅದರ ರೇಡಿಯೋ ಹೊಳಪನ್ನು ಹಿಂಬಾಲಿಸಿ ನೋಡಿದ ದೂರದರ್ಶಕಗಳಲ್ಲಿ ಪುಣೆ ಹತ್ತಿರದ ನಮ್ಮ ಜಿಎಂಆರ್‌ಟಿಯೂ ಒಂದು.

ಆದರೆ ಲೆಕ್ಕ ಹಾಕಿ ನೋಡಿ. 10,000 ಕೋಟಿ ಟೆಸ್ಲಾದಲ್ಲೂ ಒಂದು ನ್ಯೂಟ್ರಾನಿನ ಮೇಲೆ ಬೀಳುವ ಕಾಂತ ಶಕ್ತಿ ಸುಮಾರು 6000 ಎಲೆಕ್ಟ್ರಾನ್ ವೋಲ್ಟ್. 22 ಲಕ್ಷದ ಮುಂದೆ ಅದು ಏನೂ ಅಲ್ಲ. ಹಾಗಾಗಿ ಮ್ಯಾಗ್ನೆಟಾರಿನ ಮೇಲ್ಮೈಯಲ್ಲಿ ನ್ಯೂಕ್ಲಿಯರ್ ಬಲ ಬದಲಾಗಿಬಿಡುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಒಳಗಡೆ ಕ್ಷೇತ್ರ ಇನ್ನೂ ಜಾಸ್ತಿ ಇರಬಹುದು ಅಂತ ನಂಬಲು ಕಾರಣಗಳಿವೆ. ಅಲ್ಲಿ ಲಕ್ಷ ಕೋಟಿ ಟೆಸ್ಲಾ ದಾಟಿ ಹತ್ತು ಲಕ್ಷ ಕೋಟಿಯ ಹತ್ತಿರ ಹೋದರೆ ಆಟ ಶುರುವಾಗುತ್ತದೆ. ನ್ಯೂಕ್ಲಿಯಸ್ಸಿನ ಒಳಗಿನ ಶಕ್ತಿಯ ಮೆಟ್ಟಿಲುಗಳು ಹಿಂದೆ ಮುಂದೆ ಆಗುತ್ತವೆ, ಹಾಗಾಗಿ ಯಾವ ನ್ಯೂಕ್ಲಿಯಸ್ ಹೆಚ್ಚು ಗಟ್ಟಿ ಅನ್ನುವ ಪಟ್ಟಿಯೇ ಬದಲಾಗಬಹುದು. ಅಲ್ಲಿ ನ್ಯೂಟ್ರಾನ್‌ಗಳು ಸ್ಪಿನ್ ಎದುರುಬದುರು ಮಾಡಿಕೊಂಡು ಜೋಡಿಯಾಗಿ, ತಡೆಯಿಲ್ಲದೆ ಹರಿಯುತ್ತಿರುತ್ತವೆ. ಎರಡೂ ನ್ಯೂಟ್ರಾನ್‌ಗಳ ಮುಖ ಒಂದೇ ಕಡೆ ತಿರುಗಿಸಲು ಕ್ಷೇತ್ರ ಹಟ ಹಿಡಿದರೆ ಆ ಜೋಡಿ ಒಡೆಯುತ್ತದೆ. ಡ್ಯೂಟೆರಾನಿನ ಕಥೆಯೇ ಇದು, ಪಾತ್ರಗಳು ಮಾತ್ರ ಅದಲು ಬದಲು.

ಇಲ್ಲಿಗೆ ನಾನು ಹೇಳಿದ ಮೊದಲ ಕೆಲಸ ಮುಗಿಯಿತು. ಈಗ ಎರಡನೆಯದು, ಬಲವೇ ಬದಲಾಗುವುದು.

1935ರಲ್ಲಿ ಜಪಾನಿನ ಭೌತವಿಜ್ಞಾನಿ ಯುಕಾವಾ ಒಂದು ಯೋಚನೆ ಮುಂದಿಟ್ಟರು. ನ್ಯೂಕ್ಲಿಯಾನ್‌ಗಳ ನಡುವೆ ಒಂದು ತೂಕವಿರುವ ಕಣ ಓಡಾಡುತ್ತದೆ, ಅದರ ತೂಕ ಜಾಸ್ತಿ ಇದ್ದಷ್ಟೂ ಅದು ಹೋಗುವ ದೂರ ಕಡಿಮೆ, ಬಲದ ಕೈ ಗಿಡ್ಡ ಯಾಕೆ ಅನ್ನೋದಕ್ಕೆ ಅದೇ ಕಾರಣ ಅಂತ. 1947ರಲ್ಲಿ ಆ ಕಣ ಸಿಕ್ಕಿತು, ಅದೇ ಪಯಾನ್. ವಿದ್ಯುತ್ ಅಂಶ ಇರುವ ಪಯಾನಿನ ತೂಕ, ಶಕ್ತಿಯ ಮಾಪದಲ್ಲಿ ಹೇಳಿದರೆ, ಸುಮಾರು 14 ಕೋಟಿ ಎಲೆಕ್ಟ್ರಾನ್ ವೋಲ್ಟ್, ಅಂಶ ಇಲ್ಲದ್ದು 13.5 ಕೋಟಿ. 14 ಕೋಟಿಗೆ ತಕ್ಕ ದೂರ 1.4 ಫರ್ಮಿ. ಇನ್ನೂ ಹತ್ತಿರ ಹೋದರೆ ಬೇರೆ ಭಾರದ ಕಣಗಳೂ, ಕೊನೆಗೆ ಕ್ವಾರ್ಕ್‌ಗಳೂ, ಅವುಗಳನ್ನು ಅಂಟಿಸುವ ಗ್ಲೂಆನ್‌ಗಳೂ ಬರುತ್ತವೆ, ಆದರೆ ಹೊರಗಿನ ಅಂಟು ಪಯಾನಿನದ್ದೇ.

ವಿದ್ಯುತ್ ಅಂಶ ಇರುವ ಯಾವ ಕಣವನ್ನೂ ಕಾಂತಕ್ಷೇತ್ರ ಸುತ್ತು ಹಾಕಿಸುತ್ತದೆ. ಕ್ಷೇತ್ರ ಜಾಸ್ತಿಯಾದಷ್ಟೂ ಸುತ್ತು ಬಿಗಿ. 1 ಟೆಸ್ಲಾದಲ್ಲಿ ಕ್ವಾಂಟಂ ನಿಯಮ ಒಪ್ಪುವ ಅತಿ ಬಿಗಿ ಸುತ್ತಿನ ಅಳತೆ ಸುಮಾರು 26 ನ್ಯಾನೋಮೀಟರ್. ನ್ಯೂಕ್ಲಿಯಸ್ಸಿನ ಮುಂದೆ ಅದು ಬಯಲಿನಷ್ಟು ದೊಡ್ಡದು, ಪಯಾನಿಗೆ ಗೊತ್ತೇ ಆಗುವುದಿಲ್ಲ. ಆ ಸುತ್ತು 1.4 ಫರ್ಮಿಗೆ ಇಳಿಯಬೇಕಾದರೆ 3.3 ಕೋಟಿ ಕೋಟಿ ಟೆಸ್ಲಾ ಬೇಕು. ಹೌದು, ಕೋಟಿಯನ್ನು ಕೋಟಿಯಿಂದ ಗುಣಿಸಿದ್ದು. ಅಲ್ಲಿ ಈ ಪಯಾನಿಗೆ ಬೇಕಾಗುವ ಕನಿಷ್ಠ ಶಕ್ತಿ 14 ಕೋಟಿಯಿಂದ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟಿಗೆ ಏರುತ್ತದೆ. ತೂಕ ಹೆಚ್ಚಿತು, ಕೈ ಗಿಡ್ಡವಾಯಿತು. ವಿದ್ಯುತ್ ಅಂಶ ಇಲ್ಲದ ಪಯಾನಿಗೆ ಉಲ್ಟಾ ಆಗುತ್ತದೆ. ಅದರೊಳಗಿನ ಕ್ವಾರ್ಕ್‌ಗಳನ್ನು ಕ್ಷೇತ್ರ ಹಿಡಿಯುವುದರಿಂದ ಅದರ ತೂಕ ಇಳಿಯುತ್ತದೆ ಅಂತ ಕಂಪ್ಯೂಟರ್ ಲೆಕ್ಕಗಳು ತೋರಿಸಿವೆ.

ಇದರ ಅರ್ಥ ಏನು ಅಂತ ನಿಧಾನವಾಗಿ ಯೋಚಿಸಿ. ಪ್ರೋಟಾನ್ ಮತ್ತು ನ್ಯೂಟ್ರಾನ್ ನಡುವೆ ಎರಡೂ ಬಗೆಯ ಪಯಾನ್ ಓಡಾಡುತ್ತವೆ. ಎರಡು ಪ್ರೋಟಾನ್ ಅಥವಾ ಎರಡು ನ್ಯೂಟ್ರಾನ್ ನಡುವೆ ಒಂದೇ ಪಯಾನ್ ದಾಟುವುದಾದರೆ ಅದು ಅಂಶ ಇಲ್ಲದ್ದೇ. ನಮ್ಮ ಲೋಕದಲ್ಲಿ ಈ ಜೋಡಿಗಳ ನಡುವಿನ ನ್ಯೂಕ್ಲಿಯರ್ ಬಲ ಹೆಚ್ಚುಕಡಿಮೆ ಒಂದೇ, ಅದು ಪುಸ್ತಕದಲ್ಲಿ ಮೊದಲೇ ಬರುವ ಪಾಠ. ಅಂಥ ಕ್ಷೇತ್ರದಲ್ಲಿ ಆ ಪಾಠ ಮುರಿಯುತ್ತದೆ. ಅಷ್ಟೇ ಅಲ್ಲ, ಕ್ಷೇತ್ರದ ಉದ್ದಕ್ಕೆ ನಿಂತ ಜೋಡಿಗೂ ಅಡ್ಡಕ್ಕೆ ನಿಂತ ಜೋಡಿಗೂ ಬಲ ಬೇರೆ ಬೇರೆ ಆಗುತ್ತದೆ. ಉಂಡಿಯ ಪಾಕವೇ ಬದಲಾದದ್ದು ಇಲ್ಲಿ. ಕ್ವಾರ್ಕ್‌ಗಳಿಂದಲೇ ಶುರು ಮಾಡಿ ಎರಡು ನ್ಯೂಕ್ಲಿಯಾನ್‌ಗಳನ್ನು ಇಂಥ ಕ್ಷೇತ್ರದಲ್ಲಿಟ್ಟು ಲೆಕ್ಕ ಮಾಡಿದವರಿದ್ದಾರೆ. ಲ್ಯಾಟಿಸ್ ಲೆಕ್ಕ ಅನ್ನುತ್ತಾರೆ. ಗಂಟು ಬಿಗಿಯೋ ಸಡಿಲವೋ ಅನ್ನೋದು ಕ್ಷೇತ್ರದ ಜೊತೆ ಬದಲಾಗುತ್ತದೆ ಅಂತ ಅವೂ ಹೇಳುತ್ತವೆ. ಆದರೆ ಆ ಲೆಕ್ಕಗಳಲ್ಲಿ ಕ್ವಾರ್ಕ್‌ಗಳನ್ನು ನಿಜಕ್ಕಿಂತ ಭಾರ ಇಟ್ಟಿದ್ದರು, ಹಾಗಾಗಿ ಅವುಗಳ ಅಂಕಿಗಳನ್ನು ನಮ್ಮ ಡ್ಯೂಟೆರಾನಿಗೆ ನೇರವಾಗಿ ಹಚ್ಚಬಾರದು.

ಇಷ್ಟು ದೊಡ್ಡ ಕ್ಷೇತ್ರ ಭೂಮಿಯ ಮೇಲೆ ಹುಟ್ಟುವ ಒಂದೇ ಬಗೆಯ ಜಾಗ ಇದೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಚಿನ್ನದ ನ್ಯೂಕ್ಲಿಯಸ್‌ಗಳನ್ನು, ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಸೀಸದ ನ್ಯೂಕ್ಲಿಯಸ್‌ಗಳನ್ನು ಬೆಳಕಿನ ವೇಗದ ಹತ್ತಿರ ಓಡಿಸಿ ಡಿಕ್ಕಿ ಹೊಡೆಸಿದ್ದಾರೆ. ನೇರ ತಗಲದೆ ಅಂಚಿಗೆ ಉಜ್ಜಿಕೊಂಡು ಹೋದಾಗ ನಡುವೆ ಹುಟ್ಟುವ ಕ್ಷೇತ್ರ ಕೋಟಿ ಕೋಟಿ ಟೆಸ್ಲಾ ಮಟ್ಟಕ್ಕೆ ಮುಟ್ಟುತ್ತದೆ, ಅದನ್ನು ದಾಟುವುದೂ ಉಂಟು. ಆದರೆ ಬೆಳಕು ಒಂದು ನ್ಯೂಕ್ಲಿಯಸ್ ದಾಟುವಷ್ಟು ಹೊತ್ತೂ ಆ ಜೋರು ಉಳಿಯುವುದಿಲ್ಲ. ಮತ್ತೆ ಡಿಕ್ಕಿಯ ಜಾಗದಲ್ಲಿ ಪ್ರೋಟಾನ್, ನ್ಯೂಟ್ರಾನ್ ಅಂತಲೇ ಇರುವುದಿಲ್ಲ, ಕರಗಿ ಕ್ವಾರ್ಕ್‌ಗಳ ಸೂಪಾಗಿರುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಅಲ್ಲಿಂದ ನೇರ ಉತ್ತರ ಸಿಗುವುದಿಲ್ಲ. ಮ್ಯಾಗ್ನೆಟಾರಿನಲ್ಲಿ ನ್ಯೂಕ್ಲಿಯಾನ್‌ಗಳಿವೆ, ಕ್ಷೇತ್ರ ಅಷ್ಟಿಲ್ಲ. ಡಿಕ್ಕಿಯಲ್ಲಿ ಕ್ಷೇತ್ರ ಇದೆ, ನ್ಯೂಕ್ಲಿಯಾನ್‌ಗಳಿಲ್ಲ. ಸದ್ಯಕ್ಕೆ ನಮಗಿರುವ ದಾರಿ ಲೆಕ್ಕ ಒಂದೇ.

ಅದಕ್ಕೇ ನಿಮಗೊಂದು ಲೆಕ್ಕ ಕೊಡುತ್ತೇನೆ. ಎರಡನೇ ವರ್ಷದವರಿಗೆ ಖಂಡಿತ ಆಗುತ್ತದೆ. ಡ್ಯೂಟೆರಾನಿನ ಮೂರು ಸ್ಪಿನ್ ಸ್ಥಿತಿಗಳನ್ನೂ ಮೈನಸ್ 22 ಲಕ್ಷ ಎಲೆಕ್ಟ್ರಾನ್ ವೋಲ್ಟಿನಲ್ಲಿಡಿ. ಸ್ಪಿನ್ ಎದುರುಬದುರಾದ, ಕೂಡದ ಸ್ಥಿತಿಯನ್ನು ಸೊನ್ನೆಯಲ್ಲಿಡಿ. ಇದು ಒರಟು ಮಾದರಿ, ಆದರೂ ಕಲಿಯಲು ಸಾಕು. ನಡುವಿನ ಸ್ಪಿನ್ ಸ್ಥಿತಿಯನ್ನು ಮತ್ತು ಈ ಸೊನ್ನೆಯ ಸ್ಥಿತಿಯನ್ನು ಕ್ಷೇತ್ರ 4.7 ಮ್ಯಾಗ್ನೆಟಾನ್ ಗುಣಿಸು ಬಿ (ಬಿ ಅಂದರೆ ಕ್ಷೇತ್ರ ಎಷ್ಟು ಟೆಸ್ಲಾ ಅನ್ನೋದು) ಅನ್ನುವ ಬೆಲೆಯಿಂದ ಬೆರೆಸುತ್ತದೆ. ಅಲ್ಲಿಗೆ ಎರಡು ಸಾಲು, ಎರಡು ಕಂಬದ ಒಂದು ಮ್ಯಾಟ್ರಿಕ್ಸ್ ಆಯಿತು. ಎರಡೂ ಸ್ಪಿನ್ ಕ್ಷೇತ್ರದ ಕಡೆಗಿರುವ ಸ್ಥಿತಿ ಬೆರೆಯುವುದಿಲ್ಲ, 0.88 ಮ್ಯಾಗ್ನೆಟಾನ್ ಗುಣಿಸು ಬಿ ಲೆಕ್ಕದಲ್ಲಿ ನೇರ ಕೆಳಗಿಳಿಯುತ್ತದೆ. ಕ್ಷೇತ್ರವನ್ನು ಅಡ್ಡಕ್ಕೆ, ಶಕ್ತಿಯನ್ನು ಉದ್ದಕ್ಕೆ ಇಟ್ಟು ಗ್ರಾಫ್ ಹಾಳೆಯ ಮೇಲೆ ಎಲ್ಲ ಗೆರೆಗಳನ್ನೂ ಎಳೆಯಿರಿ. ಕೆಳಗಿನ ಎರಡು ಗೆರೆಗಳು ಸುಮಾರು 3 ಲಕ್ಷ ಕೋಟಿ ಟೆಸ್ಲಾ ಹತ್ತಿರ ಒಂದನ್ನೊಂದು ದಾಟಬೇಕು. ದಾಟದಿದ್ದರೆ ನ್ಯೂಟ್ರಾನಿನ ಆ ಮೈನಸ್ ಚಿಹ್ನೆ ಎಲ್ಲೋ ಬಿಟ್ಟುಹೋಗಿದೆ, ಅಲ್ಲಿಂದ ಮತ್ತೆ ನೋಡಿ.